ಹಸಿದ ಕೌದಿ

ಕೊಂಢವಾ ಬಡಾವಣೆಯ ಪತ್ರಾಸಿನ, ಅಂದರೆ ತಗಡಿನ ಮಾಡಿನ ಚಾಳಿನಲ್ಲಿ ಹುಲಿಗೆವ್ವನ ಕೌದಿ ಅಂದರೆ ಮರಾಠಿ ಮಂದಿಯೂ ಹುಡುಕಿಕೊಂಡು ಬರುತ್ತಿದ್ದರು. ಗರ್ಭಚೀಲ ತೆಗೆದ ಹಳೆಯ ಗಾಯ ಒಳಗಿಂದ ಬಿಟ್ಟುಕೊಂಡು, ಈಗ ಆಕೆಯ ಹೊಟ್ಟೆಯ ಮೇಲೆ ನಿಂಬೆಕಾಯಿಯಂಥ ಗಂಟು. ಕೆಮ್ಮಿದರೆ ತೆಂಗಿನಕಾಯಿ.

ಡಾಕ್ಟರ್ ಸ್ನೇಹಲ್‌ಗೆ ತಾಯಿ ಕಡೆಯಿಂದ ಕನ್ನಡ ಬರುತ್ತಿತ್ತು. ಸೊಳ್ಳೆಪರದೆಯಂಥ ಬಿಳಿ ಜಾಳಿಗೆಯೊಂದನ್ನು ತೋರಿಸಿ, "ಇದನ್ನ ಒಳಗ ಹಚ್ಚಿ ಹೊಲೀತೀವಿ, ಮಾವಶಿ" ಅಂದಳು.

"ತೂತಿಗಿಂತ ಎಷ್ಟು ದೊಡ್ಡದು ಹಚ್ಚತೀರಿ?"

"ಸುತ್ತಲೂ ಮೂರು ಬೆರಳು."

"ಹೌದ್ರಿ, ಹರಿದ ಕೌದಿಗೆ ಹಚ್ಚೋ ತ್ಯಾಪಿನೂ ಹಂಗ. ಹೊಲಿಗಿ ಒತ್ತೊತ್ತಿ ಹಾಕ್ರಿ ಮತ್ತ, ಕಂಜೂಸಿ ಮಾಡಬ್ಯಾಡ್ರಿ."

ಡಾಕ್ಟರ್ ನಕ್ಕಳು. "ಒತ್ತೊತ್ತಿ ಹಾಕಿದ್ರ ನರ ಸಿಕ್ಕೊಂಡು ಭಾಳ ನೋಯತದ. ಹೊಲಿಗಿ ಜಾಳಿಗಿ ಸರೀದಂಗ ಹಿಡಿಯಾಕ ಅಷ್ಟ. ಆಮ್ಯಾಲೆ ನಿಮ್ಮ ಮಾಂಸನ ಅದರ ಕಣ್ಣಾಗ ಬೆಳದು ಹಿಡಕೋತದ. ಆರು ವಾರದ ತನಕ ತುಂಬಿದ ಕೊಡ ಮಾತ್ರ ಎತ್ತಬ್ಯಾಡ್ರಿ. ಮನ್ಯಾಗ ಯಾರದಾರ?"

"ಗೋದಾ ಅದಾಳ್ರಿ" ಅಂದುಬಿಟ್ಟಳು ಹುಲಿಗೆವ್ವ.

ಗೋದಾ ಇದ್ದದ್ದು ಗೋಡೆಯಾಚೆ. ಒಂದು ಕಾಲಕ್ಕೆ ಇಬ್ಬರೂ ಎದುರಾಬದುರಾ ಕೂತು, ಹಾಡು ಹೇಳುತ್ತ ಒಂದೇ ಕೌದಿ ಹೊಲಿದವರು. ಕೊನೆಯ ಮೂಲೆ ಮುಚ್ಚುವ ಮುಂಚೆ ಒಳಗೆ ಚೂರು ಹೋಳಿಗೆ ಇಡಬೇಕು. ಹಸಿದ ಕೌದಿ ಹೊದ್ದವರ ಮನೆ ಹಸಿಯುತ್ತದೆ. ಒಮ್ಮೆ ಹೋಳಿಗೆ ತಾಟಿನಲ್ಲೇ ಉಳಿದು ಮೂಲೆ ಮುಚ್ಚಿಹೋಯಿತು. ಕೌದಿ ಒಯ್ಯಲು ಬಂದವರ ಮುಂದೆಯೇ ಹುಲಿಗೆವ್ವ, "ಈಕಿಗೆ ಕೈಯಷ್ಟ ಅದಾವ, ಮಾಡೋದರ ಮ್ಯಾಲೆ ನೆದರಿಲ್ಲ" ಅಂದಿದ್ದಳು. ಗೋದಾ ಸೂಜಿ ಚುಚ್ಚಿಟ್ಟು ಎದ್ದು ಹೋದಳು. ಅಲ್ಲಿಂದ ಎರಡು ವರ್ಷ ಮಾತಿಲ್ಲ.

ಆಪರೇಷನ್ನಿನ ದಿನ ಬಾಯಿಗೆ ಹನಿ ನೀರೂ ಹಾಕಬಾರದೆಂದರು. ದೀಪದ ಕೆಳಗೆ ಮಲಗಿದಾಗ ಹುಲಿಗೆವ್ವನ ಹೊಟ್ಟೆ ಗುರ್ರೆಂದಿತು. ಹಸಿದದ್ದರ ಮೇಲೆಯೇ ಹೊಲಿಗೆ ಬೀಳುತ್ತದಲ್ಲ, ಶಿವನೇ! ಹೋಳಿಗೆಯಿಲ್ಲದೆ ಮುಚ್ಚಿದ ಕೌದಿಯ ಆ ಮೂಲೆಯೂ ಕಣ್ಣ ಮುಂದೆ ಬಂತು. ಅಲ್ಲಿದ್ದದ್ದು ಎಡಗೈ ಹೊಲಿಗೆ. ಇಬ್ಬರಲ್ಲಿ ಎಡಗೈಲಿ ಹೊಲಿಯುವವಳು ತಾನೊಬ್ಬಳೇ. ಅದು ಅವತ್ತೂ ಗೊತ್ತಿತ್ತು.

ನಾಲ್ಕನೆಯ ದಿನ ಒಬ್ಬಳೇ ರಿಕ್ಷಾದಲ್ಲಿ ಮರಳಿದಳು. ಮಧ್ಯಾಹ್ನ ನಲ್ಲಿ ಬಂತು. ಓಣಿಯೆಲ್ಲ ಕೊಡದ ಸದ್ದು, ನಗು, ಜಗಳ. ಇವಳ ಬಾಗಿಲಿಗೆ ಯಾರ ನೆರಳೂ ಬೀಳಲಿಲ್ಲ. ಕೊಡದ ಕೊರಳು ಹಿಡಿದು ನಿಂತಳು. ತುಂಬಿ ಎತ್ತಿದರೆ ಹೊಲಿಗೆ ಹರಿಯುತ್ತದೆ, ಗೋದಾಳನ್ನು ಕರೆದರೆ ಮಾನ. ನಲ್ಲಿಯ ಧಾರೆ ಸಣ್ಣದಾಗತೊಡಗಿತು.

ಕೊಡ ಬಿಟ್ಟು ಗೋಡೆಗೆ ಬಾಯಿ ಹಚ್ಚಿದಳು. "ಗೋದಾ... ಆ ಮೂಲಿ ಮುಚ್ಚಿದಾಕಿ ನಾನ."

ಆಚೆ ಬೋಗಾಣಿ ತಿಕ್ಕುವ ಸದ್ದು ನಿಂತಿತು. ಗೋದಾಳ ದನಿ ಬಂತು: "ಗೊತ್ತೈತಿ. ಎಡಗೈ ಹೊಲಿಗಿ ಕುರುಡಿಗೂ ಕಾಣಸ್ತದ." ಆಮೇಲೆ: "ಕೊಡ ಹೊರಗಿಡು. ಒಳಗ ಬರಾಂಗಿಲ್ಲ ನಾ."

ಹುಲಿಗೆವ್ವ ಬಗ್ಗಲಿಲ್ಲ. ಖಾಲಿ ಕೊಡವನ್ನು ಕಾಲಿನಿಂದ ಮೆಲ್ಲಗೆ ಹೊಸ್ತಿಲಿಗೆ ನೂಕಿದಳು. ಗೋದಾ ತುಂಬಿಸಿ ತಂದಿಟ್ಟಳು, ಮುಖ ನೋಡದೆ ಹೋದಳು. ಹೊಸ್ತಿಲ ಮೇಲಿನ ಕೊಡಕ್ಕೆ ಹುಲಿಗೆವ್ವ ಚರಿಗೆ ಅದ್ದಿದಳು. ಆರು ವಾರದಲ್ಲಿ ಕಳೆದದ್ದು ಇನ್ನೂ ನಾಲ್ಕೇ ದಿನ.