ನಾಲ್ಕನೇ ಬುಟ್ಟಿ

ಪಾರ್ಕಿನಲ್ಲಿ ಒಂಬತ್ತು ಬುಟ್ಟಿಗಳಿದ್ದವು. ಒಂದೊಂದಕ್ಕೂ ಒಂದು ಕಬ್ಬಿಣದ ಕಂಬ, ಕಂಬದ ತಲೆಗೆ ಹಳೇ ಸೈಕಲ್ ರಿಮ್ಮು, ರಿಮ್ಮಿನಿಂದ ಇಳಿಬಿಟ್ಟ ಸರಪಳಿಗಳು, ಅದರ ಕೆಳಗೆ ತಂತಿಯ ಬುಟ್ಟಿ. ದೂರದಿಂದ ಪ್ಲಾಸ್ಟಿಕ್ ತಟ್ಟೆ ಬೀಸಿ ಎಸೆದು ಅದರೊಳಕ್ಕೆ ಬೀಳಿಸಬೇಕು. ಪಿ.ಟಿ. ಮೇಷ್ಟ್ರು ಸಾಗರ್ ಈ ಡಿಸ್ಕ್ ಗಾಲ್ಫನ್ನು ಎಲ್ಲೋ ನೋಡಿ ಬಂದು, ಚಾಮರಾಜನಗರಕ್ಕೂ ಒಂದಿರಲಿ ಎಂದು ಹಾಕಿಸಿದ್ದರು. ಊರಿನವರ ಬಾಯಲ್ಲಿ ಅದು ತಟ್ಟೆ ಆಟವಾಯಿತು.

ಬುಟ್ಟಿಗಳನ್ನು ವೆಲ್ಡ್ ಮಾಡಿದವನು ಗೇಟು, ಗ್ರಿಲ್ಲು ಮಾಡುವ ಅಬ್ದುಲ್ ಜಬ್ಬಾರ್. ಮಾಡಿದ್ದು ಹೇಗಿದೆ ನೋಡೋಣವೆಂದು ಆಡಲು ಹೋಗಿ ಹುಚ್ಚು ಹಿಡಿಸಿಕೊಂಡ. ಮೂರು ವರ್ಷದಿಂದ ಪ್ರತಿ ಭಾನುವಾರ ಬೆಳಿಗ್ಗೆ ಅವನೂ ನಾಗಯ್ಯನೂ ಅಲ್ಲೇ. ನಾಗಯ್ಯ ಗಾರ್ಮೆಂಟ್ಸ್ ಟೆಂಪೋ ಓಡಿಸುತ್ತಿದ್ದ. ದಿನಾ ಹದಿನೆಂಟು ಹೆಂಗಸರನ್ನು ಗುಂಡ್ಲುಪೇಟೆಯ ಫ್ಯಾಕ್ಟರಿಗೆ ಬಿಟ್ಟು, ಸಂಜೆ ವಾಪಸ್ ಕರೆತರುವ ಕೆಲಸ. ಆ ಹದಿನೆಂಟರಲ್ಲಿ ಜಬ್ಬಾರನ ಮಗಳು ಜಮೀಲಾಳೂ ಒಬ್ಬಳು.

ನೀರಿನ ಪೈಪಿಗೆ ಗುಂಡಿ ತೋಡಬೇಕೆಂದು ಆ ಶನಿವಾರ ಸಂಜೆ ಜಬ್ಬಾರನೇ ಹೊಂಗೆ ಮರದ ಬುಡದಲ್ಲಿದ್ದ ನಾಲ್ಕನೇ ಬುಟ್ಟಿಯನ್ನು ಕಿತ್ತು, ಇಪ್ಪತ್ತು ಹೆಜ್ಜೆ ಎಡಕ್ಕೆ ನೆಟ್ಟಿದ್ದ. ನಾಗಯ್ಯನಿಗೆ ಹೇಳಲಿಲ್ಲ. ಎದುರಿಗೇ ಕಾಣುವುದನ್ನು ಹೇಳುವುದೇನು?

ಯಾವಾಗಲೂ ಮೊದಲು ಎಸೆಯುವವನು ಜಬ್ಬಾರ್. ವಯಸ್ಸಿನಲ್ಲಿ ದೊಡ್ಡವನು ನೀನು ಎಂದು ನಾಗಯ್ಯನೇ ಮುಂದೆ ಬಿಡುತ್ತಿದ್ದ. ಆದರೆ ಮಾರನೆಯ ದಿನ ನಾಲ್ಕನೇ ಬುಟ್ಟಿಗೆ ಬರುವಷ್ಟರಲ್ಲಿ ಜಬ್ಬಾರನ ಚಪ್ಪಲಿಯ ಉಂಗುಷ್ಠ ಕಿತ್ತಿತು. ಅದನ್ನು ಸರಿಮಾಡುತ್ತಾ ಕೂತು, ನೀನೇ ಎಸೆ ಎಂದ. ನಾಗಯ್ಯ ಒಂದು ಗಳಿಗೆ ತಡೆದ. ಆಮೇಲೆ ಕಾಲೂರಿ ತಟ್ಟೆ ಬೀಸಿದ. ಬಲು ಚೆಂದದ ಎಸೆತ. ಅದು ನೆಟ್ಟಗೆ ಹೊಂಗೆ ಮರದ ಬುಡಕ್ಕೆ ಹೋಗಿ, ಕಂಬ ಕಿತ್ತು ಮುಚ್ಚಿದ್ದ ಹೊಸ ಮಣ್ಣಿನ ಮೇಲೆ ಬಿತ್ತು.

ಜಬ್ಬಾರ್ ನಗಲು ಹೊರಟವನು ತಲೆಯೆತ್ತಿ ನೋಡಿದ. ನಾಗಯ್ಯ ಕತ್ತು ಓರೆ ಮಾಡಿ ಕಿವಿಗೊಟ್ಟು ನಿಂತಿದ್ದ.

"ಬಿತ್ತಾ?" ಎಂದು ಕೇಳಿದ.

ಜಬ್ಬಾರನಿಗೆ ನಗು ಬಾಯಲ್ಲೇ ಒಣಗಿತು. ತನ್ನ ತಟ್ಟೆ ಸರಪಳಿಗೆ ಬಡಿದ ಸದ್ದು ಕೇಳಿಕೊಂಡು, ಆ ಕಡೆಗೇ ಇವನು ಎಸೆಯುತ್ತಿದ್ದುದು ಇಷ್ಟು ದಿನ ಹೊಳೆಯದೇ ಹೋಯಿತಲ್ಲ!

"ನಾಗ, ಬುಟ್ಟಿ ಎಲ್ಲದೆ ತೋರ್ಸ್ಲಾ."

ನಾಗಯ್ಯ ಹೊಂಗೆ ಮರದತ್ತ ಕೈ ಚಾಚಿದ. ಜಬ್ಬಾರ್ ಎಡಕ್ಕೆ ನಡೆದು ಬುಟ್ಟಿಯ ಸರಪಳಿ ಅಲುಗಿಸಿದ. ಆ ಸದ್ದೇ ನಾಗಯ್ಯನಿಗೆ ಎಲ್ಲವನ್ನೂ ಹೇಳಿತು. ಚಾಚಿದ ಕೈ ಮೆಲ್ಲಗೆ ಇಳಿಯಿತು.

ಕಲ್ಲುಬೆಂಚಿನ ಮೇಲೆ ಕೂತು ಅವನೇ ಬಿಡಿಸಿ ಹೇಳಿದ. ಶುಗರ್ರು. ಬಲಗಣ್ಣು ಯುಗಾದಿಗೆ ಮುಂಚೆಯೇ ಹೋಯಿತು. ಎಡಗಣ್ಣಿನಲ್ಲಿ ಪೈಪಿನೊಳಗಿಂದ ನೋಡಿದಂತೆ ಇಷ್ಟೇ ಇಷ್ಟು, ಅದೂ ಮಂಜುಮಂಜು. ಇನ್ನು ವಾಪಸ್ ಬರುವುದಿಲ್ಲವೆಂದು ಮೈಸೂರಿನ ಡಾಕ್ಟರು ಹೇಳಿಬಿಟ್ಟಿದ್ದಾರೆ. ರಸ್ತೆ ಬಾಯಿಪಾಠವಾಗಿದೆ. ಹರದನಹಳ್ಳಿಯ ಗುರುಮಲ್ಲಮ್ಮ ಮುಂದಿನ ಸೀಟಿನಲ್ಲಿ ಕೂರುತ್ತಾಳೆ. ಹಂಪ್ ಬಂತು, ಹಸ ಬಂತು, ಈರುಳ್ಳಿ ಲಾರಿ ಬಂತು ಎಂದು ಬಾಯಿ ಬಿಡುತ್ತಲೇ ಇರುತ್ತಾಳೆ. ಅವಳ ಹರಟೆಗೆ ತಾನೇ ಉಪ್ಪುಖಾರ ಹಚ್ಚುತ್ತಾನೆ, ಬಾಯಿ ಮುಚ್ಚದಿರಲಿ ಎಂದು. ಅವಳಿಗೂ ಗೊತ್ತಿಲ್ಲ.

"ನನ್ ಮಗ್ಳು ಶಿವರಂಜಿನಿ ನರ್ಸಿಂಗ್ ಮುಗಿಯಾಕೆ ಇನ್ ಮೂರೇ ತಿಂಗ್ಳು ಕಣ್ಲಾ. ಅಲ್ಲೀಗಂಟ ಬಾಯ್ ಮುಚ್ಕೊಂಡಿರು. ನಿನ್ ಮಗ್ಳನ್ನ ಬೇಕಾರೆ ಬುಡ್ಸ್ಕೊಬುಡು, ನಾ ಏನೂ ಅಂದ್ಕಳಾಕಿಲ್ಲ."

ಜಬ್ಬಾರ್ ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಮನೆಗೆ ಹೋದವನೇ ಮಗಳಿಗೆ, ನಾಳೆಯಿಂದ ಕೆಲಸಕ್ಕೆ ಹೋಗಬೇಡ ಎಂದ. ಯಾಕೆಂದು ಜಮೀಲಾ ಕೇಳಿದಳು. ಅಪ್ಪ ಹೀಗೆ ಸುಮ್ಮಸುಮ್ಮನೆ ಅಡ್ಡ ಹಾಕುವವನಲ್ಲ, ಹಾಗಾಗಿ ಅವಳು ಬಿಡಲಿಲ್ಲ, ತಟ್ಟೆಗೆ ಅನ್ನ ಬಡಿಸುತ್ತಾ ಮತ್ತೆ ಮತ್ತೆ ಕೇಳಿದಳು. ಕೊನೆಗೆ, "ನಾನೊಬ್ಳೇನಾ ಅಬ್ಬಾ, ಎಲ್ರೂನಾ?" ಎಂದಳು. ಜಬ್ಬಾರ್ ಎತ್ತಿದ ತುತ್ತನ್ನು ತಟ್ಟೆಗೇ ಇಟ್ಟ. ಬೆಂಚಿನ ಮೇಲೆ ತಾನು ಬಾಯಿ ಬಿಡದಿದ್ದರೂ ನಾಗಯ್ಯನ ಮಾತಿಗೆ ಒಪ್ಪಿಕೊಂಡೇ ಬಂದಿದ್ದೆ ಎಂಬುದು ಆಗ ಗೊತ್ತಾಯಿತು.

ಸೋಮವಾರ ಆರೂವರೆಗೆ ಟೆಂಪೋ ತುಂಬಿತ್ತು. ಗುರುಮಲ್ಲಮ್ಮ ಮುಂದಿನ ಸೀಟಿನಲ್ಲಿ ಎಲೆಅಡಿಕೆ ಮಡಿಸುತ್ತಿದ್ದಳು. ಜಬ್ಬಾರ್ ಡ್ರೈವರ್ ಬಾಗಿಲಿಗೆ ಬಂದು, ನಾಗಯ್ಯನ ಕಿವಿಯ ಹತ್ತಿರ ಬಾಯಿಟ್ಟು, "ಇವ್ರಿಗೆ ನೀನೇ ಹೇಳ್ತೀಯಾ, ನಾ ಹೇಳ್ಲಾ?" ಎಂದ.

ನಾಗಯ್ಯ ಎದುರಿನ ಗಾಜನ್ನೇ ನೋಡುತ್ತಾ ಕೀ ತಿರುಗಿಸಿದ. ಎಂಜಿನ್ ಸ್ಟಾರ್ಟ್ ಆಯಿತು.

ಜಬ್ಬಾರ್ ಕೈ ಹಾಕಿ ಕೀ ಕಿತ್ತುಕೊಂಡ. "ಇಳೀರಮ್ಮಾ ಎಲ್ರೂ. ಇವ್ನಿಗೆ ಕಣ್ ಕಾಣಾಕಿಲ್ಲ."

ಮೊದಲು ಯಾರೂ ಅಲುಗಾಡಲಿಲ್ಲ. ಹಾಜರಿ ಹೋಗುತ್ತದೆ, ನಿಂಗ್ಯಾಕೆ ಊರ ಉಸಾಬರಿ ಎಂದು ಹಿಂದಿನಿಂದ ಒಬ್ಬಳು ಬೈದಳು. ಗುರುಮಲ್ಲಮ್ಮ ಮಾತ್ರ ಮಡಿಸುತ್ತಿದ್ದ ಎಲೆಯನ್ನು ಹಾಗೇ ಹಿಡಿದು ನಾಗಯ್ಯನ ಮುಖ ನೋಡಿದಳು. ತಾನು ಆಡಿದ ಒಂದೊಂದು ಮಾತೂ ಅವಳಿಗೆ ನೆನಪಾಗುತ್ತಿರಬೇಕು.

"ಮೊನ್ನೆ ಲಾರಿ ಬಂದಾಗ ನಂಗೆ ತೂಕಡ್ಕೆ ಬಂದಿತ್ತಲ್ಲ ನಾಗಯ್ಯ," ಎಂದಳು.

ಅವಳು ಇಳಿದ ಮೇಲೆ ಉಳಿದವರೂ ಇಳಿದರು.

ಓನರ್ ಬೇರೆ ಡ್ರೈವರನ್ನು ಕಳಿಸುವಷ್ಟರಲ್ಲಿ ಒಂದು ಗಂಟೆಯಾಯಿತು. ನಾಗಯ್ಯ ಸೀಟಿನಿಂದ ಇಳಿದ. ಜಬ್ಬಾರ್ ಕೈ ಚಾಚಿದ. ಅದು ತಾಕಿದೊಡನೆ ನಾಗಯ್ಯ ಕೊಡವಿ, ಟೆಂಪೋದ ಮೈಗೆ ಅಂಗೈ ಒತ್ತಿಕೊಂಡು ಹಿಂದಕ್ಕೆ ನಡೆದ. ಬಾಗಿಲು, ಕಿಟಕಿ, ಟೈರು ದಾಟಿ ಹಿಂದಿನ ಮೂಲೆ ಮುಟ್ಟಿದ. ಅದರಾಚೆ ರಸ್ತೆ. ಅಲ್ಲಿ ಒಂದು ಕೈ ಇನ್ನೂ ತಗಡಿನ ಮೇಲಿಟ್ಟುಕೊಂಡೇ ನಿಂತ. ಹೊಸ ಡ್ರೈವರು ಗೇರ್ ಹಾಕಿದ. ಟೆಂಪೋ ಅವನ ಕೈಯಡಿಯಿಂದ ಜರುಗಿ ಹೋಯಿತು.