‘ರನ್’ ಪದದ ಬೆನ್ನು ಹತ್ತಿ

ಹನ್ನೊಂದು ವರ್ಷ ಇಸ್ತ್ರಿ ಉಜ್ಜಿ ಉಜ್ಜಿ ಭುಜ ಬಿದ್ದುಹೋದ ಮೇಲೆ, ಲಾಂಡ್ರಿಯ ಇಸ್ತ್ರಿಯಕ್ಕನಿಗೆ ಬಟ್ಟೆ ತೊಳೆಯುವ ದೊಡ್ಡ ಯಂತ್ರದ ಕೆಲಸ ಬೇಕೇ ಬೇಕು ಅನ್ನಿಸಿತು. ಅದರ ಕೈಪಿಡಿ ಇಂಗ್ಲಿಷಿನಲ್ಲಿತ್ತು. ಓದಿ ಅರ್ಥ ಹೇಳಿದವರಿಗೇ ಕೆಲಸ ಎಂದು ಮೇಸ್ತ್ರಿ ಖಡಾಖಂಡಿತವಾಗಿ ಹೇಳಿದ್ದ.

ಉಳಿದ ಪದಗಳನ್ನು ಹೇಗೋ ದಾಟಿದಳು, ಆದರೆ ಪುಟಪುಟದಲ್ಲೂ ‘ರನ್’ ಎಂಬ ಪದ ಅಡ್ಡ ಬಂತು. ಓಡುವುದು ಎಂದಷ್ಟೇ ಅವಳು ಶಾಲೆಯಲ್ಲಿ ಕಲಿತಿದ್ದಳು. ನಿಘಂಟು ತೆರೆದರೆ ಅದೊಂದಕ್ಕೇ ಎರಡು ಪುಟ ಅರ್ಥ! ಮಗ್ಗಿಯಂತೆ ಉರು ಹೊಡೆಯಲು ಕೂತಳು. ಇಪ್ಪತ್ತನೆಯದಕ್ಕೆ ಬರುವಷ್ಟರಲ್ಲಿ ಮೊದಲ ಹತ್ತು ಮರೆತಿದ್ದವು.

“ಅಕ್ಕಾ, ಚುನಾವಣೆಗೆ ನಿಲ್ಲೋದೂ ರನ್ನೇ ಅಂತೆ! ನಿಲ್ಲೋದಕ್ಕೂ ಓಡು ಅಂತಾರಲ್ಲ, ಅವರಿಗೆ ತಲೆ ನೆಟ್ಟಗಿದೆಯಾ?” ಎಂದು ತಂಗಿ ಬಿದ್ದು ಬಿದ್ದು ನಕ್ಕಳು.

“ನಗು, ನಗು. ನಾನಂತೂ ಬಿಡೋಳಲ್ಲ,” ಎಂದು ಇಸ್ತ್ರಿಯಕ್ಕ ನಿಘಂಟನ್ನು ಪಟ್ಟನೆ ಮುಚ್ಚಿದಳು.

ಮರುದಿನದಿಂದ ಊಟದ ಬಿಡುವಿನಲ್ಲಿ ಕೈಪಿಡಿ ಹಿಡಿದು ಯಂತ್ರದ ಮುಂದೆಯೇ ನಿಂತಳು. ಆ ಪದವಿದ್ದ ಸಾಲಿಗೆಲ್ಲ ಬೆರಳಿಟ್ಟು, ಅಲ್ಲಿ ಏನಾಗುತ್ತದೆಂದು ಕಣ್ಣಾರೆ ನೋಡಿ, ಪಕ್ಕದಲ್ಲಿ ಕನ್ನಡದಲ್ಲಿ ಬರೆದಳು. ನೀರು ಹರಿಯುತ್ತದೆ. ಯಂತ್ರ ನಡೆಯುತ್ತದೆ. ಬಟ್ಟೆ ಬಣ್ಣ ಬಿಡುತ್ತದೆ. ಹೀಗೆ ಒಟ್ಟು ಏಳು ಅರ್ಥ ಸಿಕ್ಕವು.

ಪರೀಕ್ಷೆಯ ದಿನ ಮೇಸ್ತ್ರಿ ಒಂದು ಸಾಲು ತೋರಿಸಿದ. “ಇದೇನಮ್ಮಾ?”

“ಬಣ್ಣ ಬಿಟ್ರೆ ಒಣಗಿಸ್ಬೇಡಿ, ತಣ್ಣೀರಲ್ಲಿ ಇನ್ನೊಂದ್ಸಲ ಯಂತ್ರ ನಡೆಸಿ ಅಂತ.”

“ಈ ಪದಕ್ಕೆ ನೂರಾರು ಅರ್ಥ ಇದಾವೆ. ಎಲ್ಲಾ ಗೊತ್ತೇನು?”

“ಇಲ್ಲ ಸ್ವಾಮಿ. ನಿಮ್ಮ ಯಂತ್ರಕ್ಕೆ ಬೇಕಾಗಿರೋ ಏಳು ಗೊತ್ತು. ನಾಳೆ ಎಷ್ಟು ಗಂಟೆಗೆ ಬರ್ಲಿ?”

ಮೇಸ್ತ್ರಿ ಪಕ್ಕಕ್ಕೆ ಸರಿದು ಯಂತ್ರದ ಮುಂದೆ ಅವಳಿಗೆ ಜಾಗ ಬಿಟ್ಟ.