ಫಾರ್ಮುಲಾ ಡಾಕ್ಟರು

ನಮ್ಮ ಅರಿವಳಿಕೆ ಡಾಕ್ಟರಿಗೆ ರೋಗಿಗಿಂತ ಔಷಧ ಹರಿಸುವ ಪಂಪಿನ ಮೇಲೇ ನಂಬಿಕೆ. ವಯಸ್ಸು, ತೂಕ ಒತ್ತಿದರೆ ಅದರೊಳಗಿನ ಫಾರ್ಮುಲಾವೇ ಔಷಧದ ಪ್ರಮಾಣ ಲೆಕ್ಕ ಹಾಕುತ್ತದೆ. ಇವರು ಕೈಕಟ್ಟಿ ನಿಲ್ಲುತ್ತಾರೆ. ಅಂದು ಆಪರೇಷನ್ ಮೇಜಿನ ಮೇಲೆ ಎಂಬತ್ತೆರಡರ ಅಜ್ಜಿಯೊಬ್ಬರು ನಿದ್ದೆಗೆ ಜಾರುತ್ತಿದ್ದಂತೆ ಮಾನಿಟರ್ ಪರದೆಯಲ್ಲಿ ಮಿದುಳಿನ ಅಲೆಗಳು ಚಪ್ಪಟೆಯಾದವು.

"ಸರ್, ಡೋಸ್ ಜಾಸ್ತಿಯಾಯ್ತು, ಕಮ್ಮಿ ಮಾಡಿ," ಎಂದೆ.

"ಏನ್ ನರ್ಸಮ್ಮಾ, ಫಾರ್ಮುಲಾಗಿಂತ ನಿಮಗೇ ಜಾಸ್ತಿ ಗೊತ್ತಾ?" ಎಂದವರೇ ಪರದೆಯನ್ನು ಗೋಡೆಯ ಕಡೆ ತಿರುಗಿಸಿದರು.

ಎಚ್ಚರವಾದ ಮೇಲೆ ಅಜ್ಜಿ ಎರಡು ದಿನ ಮಗಳ ಗುರುತೇ ಹಿಡಿಯಲಿಲ್ಲ. "ವಯಸ್ಸಾಯ್ತಲ್ಲಮ್ಮಾ," ಎಂದು ಮಗಳಿಗೆ ಹೇಳಿ ಮಹಾನುಭಾವರು ಕೈತೊಳೆದುಕೊಂಡರು.

ಮುಂದಿನ ತಿಂಗಳು ಅದೇ ಮೇಜಿನ ಮೇಲೆ ಡಾಕ್ಟರ ತಾಯಿ. ಇವರು ಪಂಪನ್ನು ಮೂಲೆಗೆ ತಳ್ಳಿ, ಸಿರಿಂಜ್ ಹಿಡಿದು ಚೂರುಚೂರೇ ಔಷಧ ಕೊಟ್ಟರು. ಪರದೆಯಿಂದ ಕಣ್ಣು ಕೀಳಲಿಲ್ಲ.

"ಫಾರ್ಮುಲಾ ಬೇಡ್ವಾ ಸರ್?" ಎಂದೆ.

"ಸುಮ್ನಿರ್ರೀ, ಇದು ನಮ್ಮಮ್ಮ," ಎಂದರು.